ರಾಬಿನ್ ಓಲ್ಡ್ಸ್ ಮತ್ತು 2011ರ ತರಗತಿ: ಅಮೆರಿಕದ ವಾಯುಪಡೆ ಅಕಾಡೆಮಿಯ ಮಾದರಿ ವ್ಯಕ್ತಿ ಸಂಪ್ರದಾಯ

ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಬಳಿಯಿರುವ ವಾಯುಪಡೆ ಅಕಾಡೆಮಿಯಲ್ಲಿ ಒಂದೊಂದು ತರಗತಿಯೂ ಹಾರಾಟದ ಇತಿಹಾಸದಿಂದ ಒಬ್ಬರನ್ನು ಆರಿಸಿ ತನ್ನ ಮಾದರಿ ವ್ಯಕ್ತಿಯೆಂದು ಗೌರವಿಸುವ ಸಂಪ್ರದಾಯವಿದೆ. ಅಲ್ಲಿ ಇದಕ್ಕೆ ಕ್ಲಾಸ್ ಎಕ್ಸೆಂಪ್ಲರ್ ಎಂದು ಹೆಸರು. 2011ರಲ್ಲಿ ಪದವಿ ಪಡೆದ ತರಗತಿ ಆರಿಸಿಕೊಂಡದ್ದು ಬ್ರಿಗೇಡಿಯರ್ ಜನರಲ್ ರಾಬಿನ್ ಓಲ್ಡ್ಸ್‌ನನ್ನು (1922-2007). ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಮೇಲೆ, ಇಪ್ಪತ್ತೆರಡು ವರ್ಷಗಳ ನಂತರ ಉತ್ತರ ವಿಯೆಟ್ನಾಂ ಮೇಲೆ ಯುದ್ಧವಿಮಾನ ಹಾರಿಸಿದ ಈತನ ಲೆಕ್ಕದಲ್ಲಿ ಒಟ್ಟು 16 ಶತ್ರು ವಿಮಾನಗಳಿವೆ. ಆಪರೇಷನ್ ಬೋಲೊ ಎಂಬ ವೈಮಾನಿಕ ಬಲೆಯ ನಾಯಕನಾಗಿ ಈತ ಹೆಸರುವಾಸಿ. ಮುಂದೆ ಇದೇ ಅಕಾಡೆಮಿಯಲ್ಲಿ ಕೆಡೆಟ್‌ಗಳ ಕಮಾಂಡೆಂಟ್ ಆಗಿದ್ದ. ಮೇಲಧಿಕಾರಿಗಳೊಂದಿಗೆ ಪದೇಪದೇ ತಿಕ್ಕಾಟಕ್ಕೆ ಇಳಿದ, ನಿಯಮ ಮೀರಿ ಮೀಸೆ ಬಿಟ್ಟ, ಬಡ್ತಿಗಿಂತ ಹಾರಾಟವೇ ಮುಖ್ಯ ಎಂದ ಅಧಿಕಾರಿಯೊಬ್ಬ ಶಿಸ್ತಿನ ಸಂಸ್ಥೆಗೆ ಮಾದರಿಯಾದದ್ದು ಈ ಆಯ್ಕೆಯ ವೈಶಿಷ್ಟ್ಯ.

ಸಂಪ್ರದಾಯದ ಸ್ವರೂಪ

ಅಧ್ಯಕ್ಷ ಐಸೆನ್‌ಹೋವರ್ 1954ರ ಏಪ್ರಿಲ್ 1ರಂದು ಸಹಿ ಹಾಕಿದ ಕಾಯಿದೆಯಿಂದ ವಾಯುಪಡೆ ಅಕಾಡೆಮಿ ಹುಟ್ಟಿತು. ಮೊದಲ ತರಗತಿ 1955ರಲ್ಲಿ ಡೆನ್ವರ್‌ನ ಲೋರಿ ವಾಯುನೆಲೆಯ ತಾತ್ಕಾಲಿಕ ಕಟ್ಟಡಗಳಲ್ಲಿ ಆರಂಭವಾಯಿತು. 1958ರಲ್ಲಿ ಅಕಾಡೆಮಿ ರಾಕಿ ಪರ್ವತಗಳ ಬುಡದಲ್ಲಿರುವ ಈಗಿನ ಜಾಗಕ್ಕೆ ಬಂತು. 1959ರಲ್ಲಿ ಮೊದಲ ತಂಡ ಹೊರಬಿತ್ತು. ವೆಸ್ಟ್ ಪಾಯಿಂಟ್‌ನ ಸೇನಾ ಅಕಾಡೆಮಿ 1802ರದು, ಅನ್ನಾಪೊಲಿಸ್‌ನ ನೌಕಾ ಅಕಾಡೆಮಿ 1845ರದು. ಅವುಗಳ ಮುಂದೆ ತೀರ ಕಿರಿಯದಾದ ಈ ಸಂಸ್ಥೆ ತನ್ನ ಪರಂಪರೆಯನ್ನು ತಾನೇ ಕಟ್ಟಿಕೊಳ್ಳಬೇಕಾಯಿತು. ಪ್ರತಿ ತರಗತಿಗೂ ಒಂದು ಬಣ್ಣ ನಿಗದಿಯಾದದ್ದು ಹಾಗೆ: ನೀಲಿ, ಬೆಳ್ಳಿ, ಹೊನ್ನು, ಕೆಂಪು ಎಂದು ನಾಲ್ಕು ವರ್ಷಕ್ಕೊಮ್ಮೆ ಸುತ್ತು ತಿರುಗುತ್ತದೆ. ಮೊದಲ ತರಗತಿಯದು ನೀಲಿ. 2011ರ ತರಗತಿಯ ಪಾಲಿಗೂ ಅದೇ ಬಣ್ಣ ಬಂದಿತ್ತು. ತರಗತಿಯ ಲಾಂಛನ ಮತ್ತು ಉಂಗುರ ಕೂಡ ಇದೇ ಬಗೆಯ ಆಚರಣೆಗಳು.

ಮಾದರಿ ವ್ಯಕ್ತಿಯನ್ನು ಆರಿಸುವ ಪದ್ಧತಿ ಇವುಗಳಿಗಿಂತ ಬಹಳ ತಡವಾಗಿ, 2000ದ ತರಗತಿಯೊಂದಿಗೆ ಶುರುವಾಯಿತು. ಆ ತರಗತಿ ಆರಿಸಿದ್ದು ಜಿಮ್ಮಿ ಡೂಲಿಟಲ್‌ನನ್ನು. 1942ರ ಏಪ್ರಿಲ್ 18ರಂದು ಹಾರ್ನೆಟ್ ಎಂಬ ವಿಮಾನವಾಹಕ ನೌಕೆಯಿಂದ 16 ಬಿ-25 ಬಾಂಬರ್‌ಗಳನ್ನು ಎಬ್ಬಿಸಿ ಟೋಕಿಯೊ ಮೇಲೆ ದಾಳಿ ನಡೆಸಿದ ನಾಯಕ ಆತ. ಅಂದಿನಿಂದ ಪ್ರತಿ ತರಗತಿಯೂ ತನ್ನದೇ ಮಾದರಿಯನ್ನು ಹೊಂದಿದೆ.

ಇಲ್ಲಿ ಗಮನಿಸಬೇಕಾದದ್ದು ಆಯ್ಕೆ ಯಾರದು ಎಂಬುದು. ಅಕಾಡೆಮಿಯ ಕಟ್ಟಡಗಳಿಗೆ ಹೆಸರಿಡುವುದು ಆಡಳಿತ. ಕೆಡೆಟ್‌ಗಳ ಊಟದ ಮನೆಗೆ ವಾಯುಶಕ್ತಿಯ ಪರ ಹೋರಾಡಿದ ಬಿಲ್ಲಿ ಮಿಚೆಲ್ ಹೆಸರಿದೆ. ವಸತಿ ಕಟ್ಟಡಗಳಲ್ಲಿ ಒಂದಕ್ಕೆ ಕ್ಯಾಪ್ಟನ್ ಲ್ಯಾನ್ಸ್ ಸೈಜನ್ ಹೆಸರಿದೆ. ಈತ 1965ರ ತರಗತಿಯವನು. ವಿಯೆಟ್ನಾಂನಲ್ಲಿ ಸೆರೆಸಿಕ್ಕಿ, ಚಿತ್ರಹಿಂಸೆಗೂ ಬಗ್ಗದೆ 1968ರ ಜನವರಿಯಲ್ಲಿ ಹನೋಯ್‌ನಲ್ಲಿ ತೀರಿಕೊಂಡ. ಈ ಅಕಾಡೆಮಿಯ ಪದವೀಧರರಲ್ಲಿ ಮೆಡಲ್ ಆಫ್ ಆನರ್ ಪಡೆದವನು ಇವನೊಬ್ಬನೇ. ಇವೆಲ್ಲ ಸಂಸ್ಥೆ ಕೆಡೆಟ್‌ಗಳ ಮುಂದಿಟ್ಟ ಹೆಸರುಗಳು. ಮಾದರಿ ವ್ಯಕ್ತಿಯ ಹೆಸರಾದರೋ ಇಪ್ಪತ್ತರ ಆಸುಪಾಸಿನ ತರುಣ ತರುಣಿಯರು ತಾವೇ ಚರ್ಚಿಸಿ ಮುಂದಿಡುವ ಹೆಸರು. ಹಾಗಾಗಿ ಅದರಲ್ಲಿ ಅವರ ಕಾಲದ ಆಸೆ, ಅಸಮಾಧಾನ, ಅಭಿರುಚಿ ಎಲ್ಲವೂ ಕಾಣುತ್ತವೆ.

ಇತರ ದೇಶಗಳಲ್ಲಿ

ಹಿರಿಯರೊಬ್ಬರ ಹೆಸರಿನ ಆಸರೆಯಲ್ಲಿ ಸೈನಿಕ ತಂಡವನ್ನು ಬೆಳೆಸುವ ಪದ್ಧತಿ ಫ್ರಾನ್ಸಿನಲ್ಲಿ ಹಳೆಯದು. ಸೇಂಟ್ ಸೀರ್ ಸೇನಾ ಶಾಲೆಯ ತಂಡಗಳು 19ನೆಯ ಶತಮಾನದಿಂದಲೂ ಕದನಗಳ, ಸೇನಾನಿಗಳ ಹೆಸರುಗಳನ್ನು ಹೊತ್ತಿವೆ. ಫ್ರೆಂಚ್ ವಾಯುಪಡೆಯ ಅಧಿಕಾರಿ ಶಾಲೆ 1935ರಲ್ಲಿ ತನ್ನ ಮೊದಲ ತಂಡಕ್ಕೆ ಜಾರ್ಜ್ ಗಿನೆಮೇರ್ ಹೆಸರಿಟ್ಟಿತು. ಮೊದಲ ಮಹಾಯುದ್ಧದಲ್ಲಿ 53 ವಿಮಾನಗಳನ್ನು ಕೆಡವಿದ ಈ ಕೃಶಕಾಯದ ಪೈಲಟ್ 1917ರ ಸೆಪ್ಟೆಂಬರ್ 11ರಂದು ಬೆಲ್ಜಿಯಂನ ಪೋಲ್‌ಕಪೆಲ್ ಬಳಿ ಹಾರಿದವನು ಮರಳಲಿಲ್ಲ. ಆಗ ಅವನಿಗೆ 22 ವರ್ಷ. ಎದುರಿಸಿ ನಿಲ್ಲು ಎಂಬ ಅರ್ಥದ ಅವನ ಧ್ಯೇಯವಾಕ್ಯವೇ ಆ ಶಾಲೆಯ ಧ್ಯೇಯವಾಕ್ಯ. ಅಲ್ಲಿ ತಂಡಕ್ಕೆ ಹಿರಿಯನ ಹೆಸರೇ ಅಂಟಿಕೊಳ್ಳುತ್ತದೆ. ಅಮೆರಿಕದಲ್ಲಿ ತರಗತಿ ತನ್ನ ಇಸವಿಯಿಂದಲೇ ಗುರುತಾಗುತ್ತದೆ, ಹಿರಿಯ ಅದರ ಮಾದರಿಯಾಗಿ ಜೊತೆಗಿರುತ್ತಾನೆ.

ಭಾರತದಲ್ಲಿ ಈ ಗೌರವ ತರಗತಿಗಿಂತ ಸೈನಿಕ ಘಟಕದ ಕಡೆಗೆ ವಾಲಿದೆ. ಡೆಹ್ರಾಡೂನ್‌ನ ಭಾರತೀಯ ಸೇನಾ ಅಕಾಡೆಮಿಯ ನಾಲ್ಕು ತರಬೇತಿ ಬೆಟಾಲಿಯನ್‌ಗಳಿಗೆ ಕಾರಿಯಪ್ಪ, ತಿಮ್ಮಯ್ಯ, ಮಾಣೆಕ್‌ಷಾ, ಭಗತ್ ಎಂಬ ಹೆಸರುಗಳಿವೆ. ಮೊದಲ ಇಬ್ಬರು ಕೊಡಗಿನವರು. ಅಲ್ಲಿ ಸೇರುವ ಕೆಡೆಟ್‌ಗೆ ಹೆಸರು ಮೊದಲೇ ಸಿದ್ಧವಿರುತ್ತದೆ. ತನ್ನ ಪೂರ್ವಿಕನನ್ನು ತಾನೇ ಆರಿಸುವ ಅವಕಾಶ ಕೊಲರಾಡೊದ ಪದ್ಧತಿಯ ವಿಶೇಷ.

ಓಲ್ಡ್ಸ್: ಬಾಲ್ಯ ಮತ್ತು ಶಿಕ್ಷಣ

ರಾಬಿನ್ ಓಲ್ಡ್ಸ್ ಹುಟ್ಟಿದ್ದು 1922ರ ಜುಲೈ 14ರಂದು, ಹವಾಯಿಯ ಹೊನೊಲುಲುವಿನಲ್ಲಿ. ತಂದೆ ರಾಬರ್ಟ್ ಓಲ್ಡ್ಸ್ ಸೇನೆಯ ವೈಮಾನಿಕ ವಿಭಾಗದ ಅಧಿಕಾರಿ. ಬಿಲ್ಲಿ ಮಿಚೆಲ್‌ನ ಆಪ್ತ ಸಹಾಯಕನಾಗಿದ್ದವನು. ವಾಯುಶಕ್ತಿಯನ್ನು ಕಡೆಗಣಿಸಿದ ಮೇಲಧಿಕಾರಿಗಳನ್ನು ಬಹಿರಂಗವಾಗಿ ಟೀಕಿಸಿದ್ದಕ್ಕೆ ಮಿಚೆಲ್ 1925ರಲ್ಲಿ ಕೋರ್ಟ್ ಮಾರ್ಷಲ್‌ಗೆ ಗುರಿಯಾದಾಗ ರಾಬರ್ಟ್ ಅಲ್ಲಿ ಸಾಕ್ಷಿ ನುಡಿದ. ಮುಂದೆ ಬಿ-17 ಬಾಂಬರ್‌ಗಳ ಮೊದಲ ದಳವನ್ನು ಲ್ಯಾಂಗ್ಲಿ ನೆಲೆಯಲ್ಲಿ ಮುನ್ನಡೆಸಿದ. ಹುಡುಗ ಬೆಳೆದದ್ದು ಆ ನೆಲೆಯ ಅಂಗಳದಲ್ಲಿ. ಎಂಟನೆಯ ವಯಸ್ಸಿಗೆ ತಂದೆಯೊಂದಿಗೆ ತೆರೆದ ಕಾಕ್‌ಪಿಟ್‌ನ ವಿಮಾನವೇರಿದ್ದ. ದೊಡ್ಡವರ ಮಾತಿಗೆ ಎದುರಾಡಿಯೂ ವಾಯುಪಡೆಗೆ ನಿಷ್ಠರಾಗಿ ಇರಬಹುದು ಎಂಬ ಪಾಠ ಅವನಿಗೆ ಮನೆಯಲ್ಲೇ ಸಿಕ್ಕಿತ್ತು.

1939ರಲ್ಲಿ ಜರ್ಮನಿ ಪೋಲೆಂಡನ್ನು ಮುತ್ತಿದಾಗ ಕೆನಡಾದ ವಾಯುಪಡೆ ಸೇರಲು ಹೊರಟ. ತಂದೆ ಒಪ್ಪಿಗೆಯ ಸಹಿ ಹಾಕಲಿಲ್ಲ. 1940ರಲ್ಲಿ ವೆಸ್ಟ್ ಪಾಯಿಂಟ್ ಸೇರಿದ. ಅಲ್ಲಿ ಫುಟ್‌ಬಾಲ್ ತಂಡದ ಟ್ಯಾಕಲ್ ಆಟಗಾರನಾಗಿ 1942ರಲ್ಲಿ ಅಖಿಲ ಅಮೆರಿಕ ತಂಡಕ್ಕೆ ಆಯ್ಕೆಯಾದ. ಯುದ್ಧದ ಕಾರಣ ಶಿಕ್ಷಣದ ಅವಧಿ ಮೊಟಕಾಗಿ 1943ರ ಜೂನ್ 1ರಂದು ಪದವಿ ಬಂತು. ಅಷ್ಟರಲ್ಲಿ ಪೈಲಟ್ ಬಿಲ್ಲೆಯೂ ಎದೆಗೇರಿತ್ತು. ಅದಕ್ಕೆ ಕೆಲವೇ ವಾರ ಮೊದಲು ತಂದೆ ತೀರಿಕೊಂಡಿದ್ದ.

ಎರಡನೆಯ ಮಹಾಯುದ್ಧ

1944ರ ಮೇ ತಿಂಗಳಲ್ಲಿ ಓಲ್ಡ್ಸ್ ಇಂಗ್ಲೆಂಡಿನ ವ್ಯಾಟಿಶಮ್ ನೆಲೆಗೆ ಬಂದ. 479ನೆಯ ಫೈಟರ್ ಗ್ರೂಪ್‌ನ 434ನೆಯ ಸ್ಕ್ವಾಡ್ರನ್‌ನಲ್ಲಿ ಅವನು ಹಾರಿಸಿದ್ದು ಎರಡು ಎಂಜಿನ್‌ಗಳ ಪಿ-38 ಲೈಟ್ನಿಂಗ್. ಆಗಸ್ಟ್ 14ರಂದು ಎರಡು ಫೋಕ ವುಲ್ಫ್ 190 ವಿಮಾನಗಳನ್ನು ಕೆಡವಿ ಖಾತೆ ತೆರೆದ. ಅದೇ ತಿಂಗಳ ಕೊನೆಯಲ್ಲಿ ಐದರ ಗಡಿ ಮುಟ್ಟಿ ತನ್ನ ಗ್ರೂಪ್‌ನ ಮೊದಲ ಏಸ್ ಎನಿಸಿದ.

ಆ ಕೊನೆಯ ಕಾಳಗದಲ್ಲಿ ನಡೆದ ಪ್ರಸಂಗ ಪೈಲಟ್‌ಗಳ ನಡುವೆ ದಂತಕತೆಯಾಗಿದೆ. ದೂರದ ಹಾರಾಟಕ್ಕೆ ಹೋಗುವ ವಿಮಾನಗಳಿಗೆ ರೆಕ್ಕೆಯಡಿ ಹೆಚ್ಚುವರಿ ಇಂಧನದ ಟ್ಯಾಂಕ್ ಕಟ್ಟುತ್ತಿದ್ದರು; ಕಾದಾಟಕ್ಕೆ ಮೊದಲು ಅದನ್ನು ಕಳಚಿ ಬೀಳಿಸಿ, ಒಳಗಿನ ಟ್ಯಾಂಕಿಗೆ ಇಂಧನದ ಕವಾಟ ತಿರುಗಿಸಬೇಕು. ಜರ್ಮನ್ ವಿಮಾನಗಳ ಹಿಂಡನ್ನು ಕಂಡ ಭರದಲ್ಲಿ ಓಲ್ಡ್ಸ್ ಟ್ಯಾಂಕ್ ಬೀಳಿಸಿದ, ಕವಾಟ ತಿರುಗಿಸುವುದನ್ನು ಮರೆತ. ಸರಿಯಾಗಿ ಗುರಿ ಸಿಕ್ಕ ಹೊತ್ತಿಗೆ ಎರಡೂ ಎಂಜಿನ್ ಕೆಮ್ಮಿ ನಿಂತವು. ಅವನು ತೇಲುತ್ತಲೇ ಹತ್ತಿರ ಸಾರಿ ಗುಂಡು ಹಾರಿಸಿ ಮೆಸರ್‌ಶ್ಮಿಟ್ ಒಂದನ್ನು ಕೆಡವಿದ. ಆಮೇಲೆ ಕವಾಟ ತಿರುಗಿಸಿ ಎಂಜಿನ್ ಎಬ್ಬಿಸಿದ.

ಸೆಪ್ಟೆಂಬರ್‌ನಲ್ಲಿ ಅವನ ಗ್ರೂಪ್ ಪಿ-51 ಮಸ್ಟ್ಯಾಂಗ್‌ಗೆ ಬದಲಾಯಿತು. 1945ರ ಮಾರ್ಚ್ 25ರಂದು ಸ್ಕ್ವಾಡ್ರನ್ನಿನ ಮುಖ್ಯಸ್ಥನಾದಾಗ ಮೇಜರ್ ಓಲ್ಡ್ಸ್‌ಗೆ 22 ವರ್ಷ. ವೆಸ್ಟ್ ಪಾಯಿಂಟ್ ಬಿಟ್ಟು ಎರಡು ವರ್ಷವೂ ಆಗಿರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಗಾಳಿಯಲ್ಲಿ 12 ವಿಮಾನಗಳು ಅವನ ಲೆಕ್ಕಕ್ಕೆ ಸೇರಿದ್ದವು. ನೆಲದ ಮೇಲೆ ನಾಶ ಮಾಡಿದವು ಬೇರೆ. ತನ್ನ ವಿಮಾನಗಳಿಗೆಲ್ಲ ಅವನು ಸ್ಕ್ಯಾಟ್ ಎಂದು ಹೆಸರಿಡುತ್ತಿದ್ದ. ಅದು ಕಣ್ಣಿನ ದೋಷದಿಂದ ಪೈಲಟ್ ಆಗಲಾರದೆ ಹೋದ ವೆಸ್ಟ್ ಪಾಯಿಂಟ್ ಗೆಳೆಯನೊಬ್ಬನ ಅಡ್ಡಹೆಸರು.

ಎರಡು ಯುದ್ಧಗಳ ನಡುವೆ

ಶಾಂತಿಕಾಲದ ಇಪ್ಪತ್ತು ವರ್ಷ ಓಲ್ಡ್ಸ್‌ಗೆ ಕಸಿವಿಸಿಯ ಕಾಲ. ಅಮೆರಿಕದ ಮೊದಲ ಜೆಟ್ ಕಸರತ್ತು ತಂಡದಲ್ಲಿ ಪಿ-80 ಹಾರಿಸಿದ. 1947ರಲ್ಲಿ ಚಿತ್ರನಟಿ ಎಲ್ಲಾ ರೇನ್ಸ್‌ಳನ್ನು ಮದುವೆಯಾದ. ವಿನಿಮಯ ಅಧಿಕಾರಿಯಾಗಿ ಇಂಗ್ಲೆಂಡಿನ ಟ್ಯಾಂಗ್‌ಮಿಯರ್‌ಗೆ ಹೋಗಿ ಬ್ರಿಟಿಷ್ ವಾಯುಪಡೆಯ 1ನೆಯ ಸ್ಕ್ವಾಡ್ರನ್ನಿಗೆ ನಾಯಕನಾದ. ಕೊರಿಯಾ ಯುದ್ಧಕ್ಕೆ ಹೋಗಲು ಎಷ್ಟು ಗೋಗರೆದರೂ ಅವಕಾಶ ಸಿಗಲಿಲ್ಲ. ಆ ದಶಕದಲ್ಲಿ ವಾಯುಪಡೆಯ ಹಣ, ಗಮನ ಎಲ್ಲವೂ ಅಣುಬಾಂಬ್ ಹೊರುವ ಬಾಂಬರ್‌ಗಳ ಕಡೆಗಿತ್ತು. ವಿಮಾನಕ್ಕೆ ವಿಮಾನ ಎದುರಾಗಿ ಕಾದಾಡುವ ಕಾಲ ಮುಗಿಯಿತು, ಇನ್ನೇನಿದ್ದರೂ ದೂರದಿಂದ ಕ್ಷಿಪಣಿ ಎಸೆದರಾಯಿತು ಎಂಬ ನಂಬಿಕೆ ಬೇರೂರಿತ್ತು. ಪೆಂಟಗನ್‌ನಲ್ಲಿ ಕುಳಿತ ಓಲ್ಡ್ಸ್ ಮಾಮೂಲಿ ಬಾಂಬುಗಳ ದಾಸ್ತಾನು ಸಾಲದು, ಫೈಟರ್ ಪೈಲಟ್‌ಗಳ ತರಬೇತಿ ಸಾಲದು ಎಂದು ವರದಿ ಬರೆಯುತ್ತಲೇ ಇದ್ದ. ಓದಿದವರು ಬದಿಗಿಟ್ಟರು.

1963ರಲ್ಲಿ ಇಂಗ್ಲೆಂಡಿನ ಬೆಂಟ್‌ವಾಟರ್ಸ್ ನೆಲೆಯ 81ನೆಯ ವಿಂಗ್‌ನ ಮುಖ್ಯಸ್ಥನಾದ. ಡೇನಿಯಲ್ ಜೇಮ್ಸ್ ಅಲ್ಲಿ ಅವನ ಬಲಗೈ. ಮುಂದೆ 1975ರಲ್ಲಿ ಅಮೆರಿಕದ ಸೇನಾಪಡೆಗಳಲ್ಲಿ ನಾಲ್ಕು ನಕ್ಷತ್ರದ ಪದವಿಗೇರಿದ ಮೊದಲ ಕಪ್ಪು ಅಧಿಕಾರಿ ಈತನೇ. ಬೆಂಟ್‌ವಾಟರ್ಸ್‌ನಲ್ಲಿ ಓಲ್ಡ್ಸ್ ಮೇಲಿನವರ ಅಪ್ಪಣೆ ಪಡೆಯದೆ ಎಫ್-101 ವಿಮಾನಗಳ ಕಸರತ್ತು ತಂಡ ಕಟ್ಟಿ ಪ್ರದರ್ಶನ ನಡೆಸಿದ. ಹುದ್ದೆ ಹೋಯಿತು, ಬ್ರಿಗೇಡಿಯರ್ ಜನರಲ್ ಬಡ್ತಿಯ ಪಟ್ಟಿಯಿಂದಲೂ ಹೆಸರು ಹೋಯಿತು. ಕರ್ನಲ್ ಆಗಿಯೇ ಉಳಿದದ್ದರಿಂದ ಯುದ್ಧವಿಮಾನಗಳ ವಿಂಗ್ ನಡೆಸುವ ದಾರಿ ಮಾತ್ರ ಮುಚ್ಚಲಿಲ್ಲ.

ಉಬೋನ್

1966ರ ಸೆಪ್ಟೆಂಬರ್ 30ರಂದು ಓಲ್ಡ್ಸ್ ಥಾಯ್ಲೆಂಡಿನ ಉಬೋನ್ ನೆಲೆಯಲ್ಲಿ 8ನೆಯ ಟ್ಯಾಕ್ಟಿಕಲ್ ಫೈಟರ್ ವಿಂಗ್ ವಹಿಸಿಕೊಂಡ. ಎಫ್-4ಸಿ ಫ್ಯಾಂಟಮ್‌ಗಳ ಈ ವಿಂಗ್ ಉತ್ಸಾಹ ಕಳೆದುಕೊಂಡಿತ್ತು. 44 ವಯಸ್ಸಿನ ಹೊಸ ಮುಖ್ಯಸ್ಥ ಮಾಡಿದ ಮೊದಲ ಕೆಲಸ ಹಾರಾಟದ ಪಟ್ಟಿಯಲ್ಲಿ ತನ್ನ ಹೆಸರನ್ನು ಹೊಸಬರ ಸಾಲಿಗೆ ಸೇರಿಸಿದ್ದು. ಈ ಆಕಾಶದಲ್ಲಿ ನಾನು ಹೊಸಬ, ನೀವು ಕಲಿಸಿ, ಆದರೆ ಬೇಗ ಕಲಿಯುತ್ತೇನೆ, ಆಮೇಲೆ ನಾನೇ ಮುಂದಿರುತ್ತೇನೆ ಎಂಬುದು ಅವನು ಕಿರಿಯ ಪೈಲಟ್‌ಗಳಿಗೆ ಹೇಳಿದ ಮಾತಿನ ಸಾರ. ಕ್ಯಾಪ್ಟನ್‌ಗಳ ಹಿಂದೆ ಹಾರಿ ದಾರಿ, ಗುರಿ, ಅಪಾಯಗಳನ್ನು ಕಲಿತ; ಅನಂತರ ಕಠಿಣ ದಾಳಿಗಳನ್ನೇ ಆರಿಸಿ ಮುಂದೆ ನಿಂತು ನಡೆಸಿದ. ವಿಂಗ್ ಮುಖ್ಯಸ್ಥರು ಮೇಜಿನ ಹಿಂದೆ ಹೆಚ್ಚು ಹೊತ್ತು ಕಳೆಯುತ್ತಿದ್ದ ಕಾಲದಲ್ಲಿ ಇದು ಹೊಸದಾಗಿತ್ತು. ಡಿಸೆಂಬರಿನಲ್ಲಿ ಡೇನಿಯಲ್ ಜೇಮ್ಸ್ ಕೂಡ ಉಬೋನ್‌ಗೆ ಬಂದು ಜೊತೆಯಾದ. ತೋಳಗಳ ಹಿಂಡು ಎಂಬರ್ಥದ ವುಲ್ಫ್‌ಪ್ಯಾಕ್ ಎಂಬ ಹೆಸರು ಈ ವಿಂಗ್‌ಗೆ ಗಟ್ಟಿಯಾದದ್ದು ಓಲ್ಡ್ಸ್ ಕಾಲದಲ್ಲೇ.

ಆಪರೇಷನ್ ಬೋಲೊ

ಆಗ ಅಮೆರಿಕದ ಮುಂದಿದ್ದ ತೊಡಕು ಹೀಗಿತ್ತು. ಉತ್ತರ ವಿಯೆಟ್ನಾಂ ಮೇಲೆ ಬಾಂಬ್ ಹೊತ್ತು ಹೋಗುತ್ತಿದ್ದ ಎಫ್-105 ವಿಮಾನಗಳ ಮೇಲೆ ಮಿಗ್-21ಗಳು ಎರಗುತ್ತಿದ್ದವು. ಭಾರತೀಯ ವಾಯುಪಡೆಯೂ ದಶಕಗಳ ಕಾಲ ನೆಚ್ಚಿದ ಸೋವಿಯತ್ ವಿಮಾನ ಇದು. ಉತ್ತರ ವಿಯೆಟ್ನಾಂ ಬಳಿ ಆಗ ಇದ್ದವು ಸುಮಾರು 16 ಮಾತ್ರ. ಆದರೆ ಅವು ಬೆನ್ನಟ್ಟಿದರೆ ಎಫ್-105ಗಳು ಬಾಂಬುಗಳನ್ನು ದಾರಿಯಲ್ಲೇ ಚೆಲ್ಲಿ ಓಡಬೇಕಾಗುತ್ತಿತ್ತು, ದಾಳಿ ವಿಫಲವಾಗುತ್ತಿತ್ತು. ಮಿಗ್‌ಗಳ ನೆಲೆಗಳಿಗೆ ಬಾಂಬ್ ಹಾಕಲು ವಾಷಿಂಗ್ಟನ್ ಅನುಮತಿ ಕೊಟ್ಟಿರಲಿಲ್ಲ. ಫ್ಯಾಂಟಮ್‌ಗಳು ಬಂದರೆ ಮಿಗ್‌ಗಳು ಮೇಲೇಳುತ್ತಿರಲಿಲ್ಲ. ನೆಲದಲ್ಲಿ ಹೊಡೆಯುವಂತಿಲ್ಲ, ಗಾಳಿಯಲ್ಲಿ ಸಿಗುತ್ತಿಲ್ಲ.

ಉಪಾಯ ಇಷ್ಟೇ: ಫ್ಯಾಂಟಮ್‌ಗಳು ಎಫ್-105ಗಳ ವೇಷ ತೊಡುವುದು. ಕ್ಯಾಪ್ಟನ್ ಜಾನ್ ಸ್ಟೋನ್ ಮತ್ತು ಸಂಗಡಿಗರು ವಿವರಗಳನ್ನು ಹೆಣೆದರು; 7ನೆಯ ವಾಯುಪಡೆಯ ಮುಖ್ಯಸ್ಥ ಜನರಲ್ ವಿಲಿಯಂ ಮೋಮೆಯರ್ ಒಪ್ಪಿಗೆ ಕೊಟ್ಟ. ಎಫ್-105ಗಳು ಬಳಸುತ್ತಿದ್ದ ರೇಡಾರ್ ಕೆಡಿಸುವ ಪೆಟ್ಟಿಗೆಗಳನ್ನು ಫ್ಯಾಂಟಮ್‌ಗಳಿಗೆ ಕಟ್ಟಿದರು. ಎಫ್-105ಗಳ ದಾರಿ, ಎತ್ತರ, ವೇಗ, ಆಕಾಶದಲ್ಲಿ ಇಂಧನ ತುಂಬಿಸಿಕೊಳ್ಳುವ ಜಾಗ, ರೇಡಿಯೊ ಮಾತಿನ ಧಾಟಿ ಎಲ್ಲವನ್ನೂ ಅನುಕರಿಸಿದರು. ತಂಡಗಳಿಗೆ ಕಾರುಗಳ ಹೆಸರುಗಳನ್ನು ಸಂಕೇತವಾಗಿಟ್ಟರು: ಓಲ್ಡ್ಸ್, ಫೋರ್ಡ್, ರ‍್ಯಾಂಬ್ಲರ್. ಓಲ್ಡ್ಸ್‌ಮೊಬೈಲ್ ಕಾರಿನ ನೆಪದಲ್ಲಿ ನಾಯಕನ ಹೆಸರೂ ಸೇರಿಕೊಂಡಿತು.

1967ರ ಜನವರಿ 1ಕ್ಕೆ ಗೊತ್ತಾಗಿದ್ದ ಕಾರ್ಯಾಚರಣೆ ಹವಾಮಾನದ ಕಾರಣ ಒಂದು ದಿನ ಮುಂದೆ ಹೋಯಿತು. 2ರಂದು ಮಧ್ಯಾಹ್ನ ಓಲ್ಡ್ಸ್‌ನ ನಾಲ್ಕು ಫ್ಯಾಂಟಮ್‌ಗಳು ಹನೋಯ್ ಬಳಿಯ ಫುಕ್ ಯೆನ್ ನೆಲೆಯ ಮೇಲೆ ಬಂದಾಗ ಕೆಳಗೆಲ್ಲ ದಟ್ಟ ಮೋಡದ ಹಾಸು. ನೆಲೆಯನ್ನು ದಾಟಿ ಹೋದರೂ ಯಾರೂ ಏಳಲಿಲ್ಲ. ತಿರುಗಿ ಬರುವಷ್ಟರಲ್ಲಿ ಮೋಡ ಸೀಳಿಕೊಂಡು ಮಿಗ್‌ಗಳು ಒಂದೊಂದಾಗಿ ಮೇಲೆದ್ದವು. ಬಾಂಬ್ ಹೊತ್ತ ಬಡಪಾಯಿ ವಿಮಾನಗಳನ್ನು ನಿರೀಕ್ಷಿಸಿದ್ದ ಅವುಗಳಿಗೆ ಎದುರಾದವು ಕಾದಾಟಕ್ಕೆ ಸಜ್ಜಾದ ಫ್ಯಾಂಟಮ್‌ಗಳು. ಓಲ್ಡ್ಸ್ ಮೊದಲು ಹಾರಿಸಿದ ಕ್ಷಿಪಣಿಗಳು ಗುರಿ ತಪ್ಪಿದವು. ಎರಡನೆಯ ಮಿಗ್ ಎಡಕ್ಕೆ ತಿರುಗುತ್ತಿದ್ದುದನ್ನು ಕಂಡು ಅವನು ಮೂಗನ್ನು ಮೇಲೆತ್ತಿ, ಬಲಕ್ಕೆ ಉರುಳಿ, ತಲೆಕೆಳಗಾಗಿ ಅದರ ಮೇಲೆ ತೂಗಿದ. ಅದು ತನ್ನ ತಿರುವು ಮುಗಿಸುವ ಹೊತ್ತಿಗೆ ಹಿಂದಕ್ಕೆ ಇಳಿದು ಎರಡು ಸೈಡ್‌ವೈಂಡರ್ ಕ್ಷಿಪಣಿ ಬಿಟ್ಟ. ಮಿಗ್‌ನ ಬಲ ರೆಕ್ಕೆ ಕಿತ್ತುಹೋಯಿತು. ಹಿಂದಿನ ಸೀಟಿನಲ್ಲಿ ರೇಡಾರ್ ನೋಡುತ್ತಿದ್ದವನು ಲೆಫ್ಟಿನೆಂಟ್ ಚಾರ್ಲ್ಸ್ ಕ್ಲಿಫ್ಟನ್.

ಸುಮಾರು ಹನ್ನೆರಡು ನಿಮಿಷಗಳ ಕಾಳಗದಲ್ಲಿ ಏಳು ಮಿಗ್-21ಗಳನ್ನು ಕೆಡವಿದೆವೆಂದು ಅಮೆರಿಕ ಹೇಳಿತು; ತನ್ನ ಕಡೆ ನಷ್ಟವಿರಲಿಲ್ಲ. ವಿಯೆಟ್ನಾಂ ಒಪ್ಪಿಕೊಂಡ ನಷ್ಟ ಐದು. ಆ ದಿನ ವಿಮಾನ ಕಳೆದುಕೊಂಡು ಪ್ಯಾರಾಚೂಟ್‌ನಲ್ಲಿ ಇಳಿದವರಲ್ಲಿ ನ್ಗುಯೆನ್ ವಾನ್ ಕೋಕ್ ಕೂಡ ಒಬ್ಬ. ಮುಂದೆ ಒಂಬತ್ತು ವಿಮಾನಗಳ ಲೆಕ್ಕದೊಂದಿಗೆ ಅವನು ಆ ಯುದ್ಧದ ಅಗ್ರ ಏಸ್ ಆದ. ಅಂಥ ಪೈಲಟ್‌ಗಳನ್ನು ಉಳಿಸಿಕೊಂಡ ಉತ್ತರ ವಿಯೆಟ್ನಾಂ ಕೆಲಕಾಲ ಮಿಗ್‌ಗಳನ್ನು ಹಿಂದಕ್ಕೆ ಸರಿಸಿ, ತಂತ್ರ ಬದಲಿಸಿ ಮತ್ತೆ ಬಂತು. ಬೋಲೊ ಒಂದು ಕಾಳಗದ ಗೆಲುವು; ಯುದ್ಧದ ದಿಕ್ಕನ್ನು ಅದು ಬದಲಿಸಲಿಲ್ಲ.

ಐದನೆಯ ಮಿಗ್ ಮತ್ತು ಮೀಸೆ

ಓಲ್ಡ್ಸ್ 1967ರ ಮೇ 4ರಂದು ಇನ್ನೊಂದು ಮಿಗ್-21ನ್ನೂ ಮೇ 20ರಂದು ಎರಡು ಮಿಗ್-17ಗಳನ್ನೂ ಕೆಡವಿದ. ವಿಯೆಟ್ನಾಂ ಲೆಕ್ಕ ನಾಲ್ಕಕ್ಕೆ ನಿಂತಿತು. ಐದನೆಯದು ಬಿದ್ದಿದ್ದರೆ ಆ ಯುದ್ಧದ ಮೊದಲ ಅಮೆರಿಕನ್ ಏಸ್ ಎಂಬ ಬಿರುದು ಬರುತ್ತಿತ್ತು. ಜೊತೆಗೆ ಪ್ರಚಾರಕ್ಕಾಗಿ ಊರಿಗೆ ಕರೆಸಿಕೊಳ್ಳುವ ಆದೇಶವೂ ಬರುತ್ತಿತ್ತು. ಆ ಕಾರಣಕ್ಕೆ ಸಿಕ್ಕ ಅವಕಾಶಗಳನ್ನು ಬಿಟ್ಟುಕೊಟ್ಟೆ ಎಂದು ಅವನು ಆಮೇಲೆ ಹೇಳಿಕೊಂಡ. 1967ರ ಆಗಸ್ಟ್ 11ರಂದು ಹನೋಯ್‌ನ ಪಾಲ್ ಡೂಮೆ ಸೇತುವೆಯ ಮೇಲಿನ ದಾಳಿಗಾಗಿ ಏರ್ ಫೋರ್ಸ್ ಕ್ರಾಸ್ ಬಂತು. ಸೆಪ್ಟೆಂಬರ್ 23ರಂದು ಕೊನೆಯ ಹಾರಾಟ ಮುಗಿಸುವಾಗ ವಿಯೆಟ್ನಾಂ ಯುದ್ಧದಲ್ಲಿ 152 ಹಾರಾಟಗಳಾಗಿದ್ದವು. ಅವುಗಳಲ್ಲಿ 105 ಉತ್ತರ ವಿಯೆಟ್ನಾಂ ಮೇಲಿನವು.

ಉಬೋನ್‌ನಲ್ಲಿ ಓಲ್ಡ್ಸ್ ತುದಿಗೆ ಮೇಣ ತೀಡಿದ ಹುರಿಮೀಸೆ ಬಿಟ್ಟಿದ್ದ. ಮೀಸೆ ಬಾಯಿಯ ಅಂಚು ದಾಟಬಾರದು ಎನ್ನುವುದು ಆಗ ವಾಯುಪಡೆಯ ನಿಯಮವಾಗಿತ್ತು. ದೂರದ ಕಚೇರಿಯಲ್ಲಿ ಕುಳಿತು ಯುದ್ಧ ನಡೆಸುವವರಿಗೆ ಅದು ಅವನ ಮೌನ ಉತ್ತರವಾಗಿತ್ತು. ವಿಂಗ್‌ನ ಪೈಲಟ್‌ಗಳೂ ಅನುಸರಿಸಿದರು. ಊರಿಗೆ ಮರಳಿ ವಾಯುಪಡೆಯ ಮುಖ್ಯಸ್ಥ ಜನರಲ್ ಜಾನ್ ಮೆಕಾನೆಲ್‌ನನ್ನು ಕಂಡಾಗ ಆತ ಮೂಗಿನಡಿ ಬೆರಳಿಟ್ಟು ತೆಗೆದುಹಾಕು ಎಂದ; ಓಲ್ಡ್ಸ್ ಮರುಮಾತಾಡದೆ ಬೋಳಿಸಿದ. ವಾಯುಪಡೆಯಲ್ಲಿ ಮಾರ್ಚ್ ತಿಂಗಳಿಡೀ ಮೀಸೆ ಬೆಳೆಸುವ ರೂಢಿಯ ಮೂಲ ಈ ಮೀಸೆಯೇ ಎಂಬ ಮಾತಿದೆ. 2014ರಲ್ಲಿ ಆಗಿನ ಮುಖ್ಯಸ್ಥ ಜನರಲ್ ಮಾರ್ಕ್ ವೆಲ್ಷ್ ಇಡೀ ಪಡೆಗೆ ಮೀಸೆಯ ಸವಾಲು ಹಾಕಿದ. ಆತ ಇದೇ ಅಕಾಡೆಮಿಯ 1976ರ ಪದವೀಧರ.

ಕಮಾಂಡೆಂಟ್ ಓಲ್ಡ್ಸ್

1967ರ ಡಿಸೆಂಬರ್‌ನಲ್ಲಿ ಓಲ್ಡ್ಸ್ ವಾಯುಪಡೆ ಅಕಾಡೆಮಿಗೆ ಕೆಡೆಟ್‌ಗಳ ಕಮಾಂಡೆಂಟ್ ಆಗಿ ಬಂದ. ಮರುವರ್ಷ ಬ್ರಿಗೇಡಿಯರ್ ಜನರಲ್ ಆದ. ಸುಳ್ಳು ಹೇಳುವುದಿಲ್ಲ, ಕದಿಯುವುದಿಲ್ಲ, ಮೋಸ ಮಾಡುವುದಿಲ್ಲ, ಮಾಡುವವರನ್ನು ಸಹಿಸುವುದೂ ಇಲ್ಲ ಎಂಬ ಗೌರವ ಸಂಹಿತೆ ಅಕಾಡೆಮಿಯ ತಳಪಾಯ. 1965ರಲ್ಲಿ ಪರೀಕ್ಷಾ ಅಕ್ರಮದಲ್ಲಿ ನೂರಕ್ಕೂ ಹೆಚ್ಚು ಕೆಡೆಟ್‌ಗಳು ಹೊರಬಿದ್ದು ಆ ತಳಪಾಯವೇ ಅಲುಗಿತ್ತು. 1967ರಲ್ಲಿ ಮತ್ತೊಂದು ಹಗರಣ ನಡೆದಿತ್ತು. ಕುಗ್ಗಿದ ಮನೋಬಲವನ್ನು ಎತ್ತುವ ಹೊಣೆ ಓಲ್ಡ್ಸ್‌ನದಾಯಿತು. ಯುದ್ಧದಿಂದ ಆಗಷ್ಟೇ ಬಂದವನು ಎಂಬುದೇ ಕೆಡೆಟ್‌ಗಳ ಕಣ್ಣಿಗೆ ಅವನ ದೊಡ್ಡ ಅರ್ಹತೆ. ಅವರಲ್ಲಿ ಹಲವರು ಅದೇ ಯುದ್ಧಕ್ಕೆ ಹೊರಡುವವರಾಗಿದ್ದರು. 1971ರ ಆರಂಭದವರೆಗೆ ಈ ಹುದ್ದೆಯಲ್ಲಿದ್ದ.

ಅಲ್ಲಿಂದ ವಾಯುಪಡೆಯ ಸುರಕ್ಷತಾ ವಿಭಾಗದ ನಿರ್ದೇಶಕನಾದ. ಅದೇ ವರ್ಷ ಥಾಯ್ಲೆಂಡಿನ ನೆಲೆಗಳನ್ನು ಸುತ್ತಿ, ಪೈಲಟ್‌ಗಳಿಗೆ ವಾಯುಕಾಳಗದ ಅಭ್ಯಾಸವೇ ಇಲ್ಲ, ಮಿಗ್‌ಗಳು ಮತ್ತೆ ಬಂದರೆ ತತ್ತರಿಸುತ್ತಾರೆ ಎಂದು ಕಟುವಾಗಿ ವರದಿ ಕೊಟ್ಟ. 1972ರಲ್ಲಿ ಕಾಳಗ ಮರುಕಳಿಸಿದಾಗ ಎಚ್ಚರಿಕೆ ನಿಜವಾಯಿತು. ಕರ್ನಲ್ ಪದವಿಗೆ ಇಳಿಸಿಯಾದರೂ ನನ್ನನ್ನು ಮತ್ತೆ ಯುದ್ಧಕ್ಕೆ ಕಳಿಸಿ ಎಂದು ಕೇಳಿದ, ಒಪ್ಪಿಗೆ ಸಿಗಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಐದನೆಯ ಮಿಗ್ ಕೆಡವಿ ಏಸ್ ಆದ ಸ್ಟೀವ್ ರಿಚಿ ವಾಯುಪಡೆ ಅಕಾಡೆಮಿಯ 1964ರ ತರಗತಿಯವನು. 1973ರ ಜೂನ್ 1ರಂದು ಓಲ್ಡ್ಸ್ ನಿವೃತ್ತನಾದ. 1975ರಲ್ಲಿ ನೆಲ್ಲಿಸ್ ನೆಲೆಯಲ್ಲಿ ಆರಂಭವಾದ ರೆಡ್ ಫ್ಲ್ಯಾಗ್ ಯುದ್ಧಾಭ್ಯಾಸ, ಅವನಂಥವರು ವರ್ಷಗಳಿಂದ ಬೇಡುತ್ತಿದ್ದ ಬಗೆಯ ತರಬೇತಿಯನ್ನು ಕೊನೆಗೂ ತಂದಿತು.

ನಿವೃತ್ತಿಯ ಬಳಿಕ ಕೊಲರಾಡೊದ ಸ್ಟೀಮ್‌ಬೋಟ್ ಸ್ಪ್ರಿಂಗ್ಸ್‌ನಲ್ಲಿ ನೆಲೆಸಿದ. ಕಾಲೇಜು ಫುಟ್‌ಬಾಲ್‌ನ ಗೌರವ ಪಟ್ಟಿಗೆ 1985ರಲ್ಲಿ, ರಾಷ್ಟ್ರೀಯ ವಿಮಾನಯಾನ ಗೌರವ ಪಟ್ಟಿಗೆ 2001ರಲ್ಲಿ ಸೇರಿದ. ಅವನ ಸ್ಕ್ಯಾಟ್ 27 ಎಂಬ ಫ್ಯಾಂಟಮ್ ಒಹಾಯೊದ ಡೇಟನ್‌ನಲ್ಲಿರುವ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿದೆ. 2007ರ ಜೂನ್ 14ರಂದು ಹೃದಯದ ಕಾಯಿಲೆಯಿಂದ ತೀರಿಕೊಂಡ. ಅವನ ಅಸ್ಥಿಗೆ ವಾಯುಪಡೆ ಅಕಾಡೆಮಿಯ ಸ್ಮಶಾನದಲ್ಲೇ ಜಾಗ ಸಿಕ್ಕಿತು.

2011ರ ತರಗತಿಯ ಆಯ್ಕೆ

2011ರ ತರಗತಿ ಅಕಾಡೆಮಿಗೆ ಕಾಲಿಟ್ಟದ್ದು ಅದೇ 2007ರ ಬೇಸಿಗೆಯಲ್ಲಿ. ತಲೆ ಬೋಳಿಸಿಕೊಂಡು ಮೊದಲ ತರಬೇತಿಗೆ ನಿಂತ ಹೊಸಬರಿಗೆ ಓಲ್ಡ್ಸ್ ಅಷ್ಟರಲ್ಲಿ ಆವರಣದಲ್ಲೇ ಸಮಾಧಿಯಿರುವ ಹಿರಿಯ. 2010ರಲ್ಲಿ, ಈ ತರಗತಿ ಅಕಾಡೆಮಿಯಲ್ಲಿ ಇದ್ದಾಗಲೇ, ಅವನ ಆತ್ಮಕಥೆ ಫೈಟರ್ ಪೈಲಟ್ ಪ್ರಕಟವಾಯಿತು. ಮಗಳು ಕ್ರಿಸ್ಟಿನಾ ಓಲ್ಡ್ಸ್, ನಿವೃತ್ತ ಫೈಟರ್ ಪೈಲಟ್ ಎಡ್ ರಾಸಿಮಸ್ ಜೊತೆಗೂಡಿ ಅದನ್ನು ಸಿದ್ಧಪಡಿಸಿದ್ದಳು.

ಈ ಕೆಡೆಟ್‌ಗಳು ಸೇರಿದಾಗ ಇರಾಕ್, ಅಫ್ಗಾನಿಸ್ತಾನ ಯುದ್ಧಗಳು ನಡೆಯುತ್ತಿದ್ದವು. ಪದವಿ ಪಡೆದಾಗಲೂ ನಿಂತಿರಲಿಲ್ಲ. ಅಲ್ಲಿ ಎದುರಿಗೆ ಶತ್ರು ವಿಮಾನಗಳಿರಲಿಲ್ಲ. ನೆಲದ ಕೋಣೆಯಲ್ಲಿ ಕುಳಿತು ಡ್ರೋನ್ ಹಾರಿಸುವ ಕೆಲಸ ವಾಯುಪಡೆಯಲ್ಲಿ ಬೆಳೆಯುತ್ತಿತ್ತು. ಓಲ್ಡ್ಸ್ ನಡೆಸಿದಂಥ ಕಾಳಗ ಅವರಲ್ಲಿ ಹೆಚ್ಚಿನವರ ಪಾಲಿಗೆ ಬರುವಂತಿರಲಿಲ್ಲ. ಹಾಗಾಗಿ ಅವನ ಬದುಕಿನಲ್ಲಿ ಅವರು ತೆಗೆದುಕೊಳ್ಳಬಹುದಾದದ್ದು ಹೊಡೆದ ವಿಮಾನಗಳ ಲೆಕ್ಕಕ್ಕಿಂತ ಮುಂದಾಳ್ತನದ ರೀತಿ: ಕಿರಿಯರಿಂದ ಕಲಿಯುವುದು, ಕಲಿತ ಮೇಲೆ ಮುಂದೆ ನಿಲ್ಲುವುದು, ಕೆಳಗಿನವರ ಪರವಾಗಿ ಮೇಲಿನವರೊಡನೆ ವಾದಿಸುವುದು.

ಮೌಲ್ಯಮಾಪನ

ಓಲ್ಡ್ಸ್ ನಿರ್ದೋಷಿಯಲ್ಲ. ಕುಡಿತ ಅತಿಯಾಗಿತ್ತು, ಮಾತು ಒರಟು, ಎರಡು ಮದುವೆಗಳೂ ವಿಚ್ಛೇದನದಲ್ಲಿ ಮುಗಿದವು. ಅಪ್ಪಣೆಯಿಲ್ಲದೆ ನಡೆಸಿದ ಕಸರತ್ತು ಪ್ರದರ್ಶನದಂಥ ಪ್ರಸಂಗಗಳನ್ನು ಧೈರ್ಯವೆನ್ನುವುದು ಕಷ್ಟ. ಅವನು ನೇತೃತ್ವ ವಹಿಸಿದ ಬಾಂಬ್ ದಾಳಿಗಳು ಅಮೆರಿಕದಲ್ಲೇ ತೀವ್ರ ವಿರೋಧ ಕಂಡ ಯುದ್ಧದ ಭಾಗ. ಅವನ ಕಾಲದ ಅಕಾಡೆಮಿಯಲ್ಲಿ ಗಂಡಸರು ಮಾತ್ರ ಇದ್ದರು. ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1976ರಲ್ಲಿ. 2011ರ ತರಗತಿಯ ಯುವತಿಯರಿಗೆ ಈ ಮೀಸೆಯ ಪರಂಪರೆ ಪೂರ್ತಿಯಾಗಿ ತಮ್ಮದೆನಿಸಿತೇ ಎಂದು ಕೇಳುವುದು ನ್ಯಾಯವೇ.

ಆದರೆ ಅಕಾಡೆಮಿಯ ಊಟದ ಮನೆಗೇ ಕೋರ್ಟ್ ಮಾರ್ಷಲ್‌ಗೆ ಒಳಗಾದ ಮಿಚೆಲ್‌ನ ಹೆಸರಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಸ್ಥಾಪಿತ ಸೇನೆಯೊಡನೆ ಜಗಳವಾಡಿಯೇ ಸ್ವತಂತ್ರ ವಾಯುಪಡೆ ಹುಟ್ಟಿತು. ಅದರ ಪೂರ್ವಿಕರ ಸಾಲಿನಲ್ಲಿ ತಕರಾರಿನವರು ಮೊದಲಿನಿಂದಲೂ ಇದ್ದಾರೆ. ಮಿಚೆಲ್‌ನ ಪರ ಸಾಕ್ಷಿ ನುಡಿದವನ ಮಗನನ್ನು ಆರಿಸಿದ ತರಗತಿ ಆ ಸಾಲನ್ನೇ ಮುಂದುವರಿಸಿತು. ಓಲ್ಡ್ಸ್ ನಿಯಮಗಳನ್ನು ಅಲಂಕಾರಕ್ಕೆ ಮುರಿದದ್ದೂ ಉಂಟು, ಪೈಲಟ್‌ಗಳ ಜೀವ ಉಳಿಸಲು ಪ್ರಶ್ನಿಸಿದ್ದೂ ಉಂಟು. ನೇರ ಆದೇಶ ಬಂದಾಗ ಮೀಸೆ ಬೋಳಿಸಿದ. ತರಬೇತಿಯ ಕೊರತೆಯ ಬಗ್ಗೆ ಮಾತ್ರ ನಿವೃತ್ತಿಯವರೆಗೂ ಬಾಯಿ ಮುಚ್ಚಲಿಲ್ಲ. ಯಾವುದರಲ್ಲಿ ತಲೆಬಾಗಬೇಕು, ಯಾವುದರಲ್ಲಿ ಪಟ್ಟು ಹಿಡಿಯಬೇಕು ಎಂಬ ಈ ವಿವೇಚನೆಯನ್ನು ಯಾವ ಕವಾಯತು ಮೈದಾನವೂ ಕಲಿಸಲಾರದು. ತರಗತಿಗಳು ತಮ್ಮ ಮಾದರಿಯನ್ನು ತಾವೇ ಆರಿಸಿಕೊಳ್ಳುವ ಪದ್ಧತಿಗೆ ಅರ್ಥ ಬರುವುದು ಇಂಥ ಕಡೆ.